ಅರ್ಧ ಮೀಟರಿನ ಕೆಳಗೆ

ನಾಲ್ಕು ಗಂಟೆಗೆ ಫೈಲು ಹೋಗಬೇಕಿತ್ತು. ಬೆಳಿಗ್ಗೆಯಿಂದಲೂ ಪ್ರಮೋದಾ ಬಲಗೈಯನ್ನು ಮೌಸಿನ ಮೇಲಿಂದ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದಳು. ಅಂಗೈಯಲ್ಲಿ ಏನೂ ಇರಲಿಲ್ಲ. ಎರಡು ಸಲ ಎದ್ದು ಹೋಗಿ ಸೋಪು ಹಾಕಿ ತೊಳೆದು ಬಂದಿದ್ದಳು. ತೊಳೆದ ಕೈ ಒಣಗುತ್ತಿದ್ದಂತೆ ಬೆರಳಸಂದಿಯಲ್ಲಿ ಮತ್ತೆ ಅದೇ ತರಿತರಿ, ಕೆಮ್ಮಣ್ಣನ್ನು ಬಹಳ ಹೊತ್ತು ಹಿಡಿದುಕೊಂಡರೆ ಬೆವರಿಗೆ ಅಂಟಿಕೊಳ್ಳುತ್ತದಲ್ಲ, ಹಾಗೆ. ದೇವನಹಳ್ಳಿಯ ಈ ಆಫೀಸಿನ ಎರಡನೆಯ ಮಹಡಿಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಕಿಟಕಿಗಳು ತೆರೆಯುವುದೇ ಇಲ್ಲ. ಗಾಜಿನಾಚೆ ವಿಮಾನಗಳು ಹೊಟ್ಟೆ ತೋರಿಸುತ್ತ ಇಳಿಯುತ್ತವೆ, ಸದ್ದು ಮಾತ್ರ ಒಳಗೆ ಬರುವುದಿಲ್ಲ. ಟೀ ಲೋಟ ಸಣ್ಣಗೆ ನಡುಗುತ್ತದೆ, ಅಷ್ಟೆ.

ಸ್ಕ್ರೀನಿನ ಮೇಲೆ ನೂರಹತ್ತು ಎಕರೆ ನೆಲ ಮಲಗಿತ್ತು. ದೊಡ್ಡಬೆಳವಂಗಲದ ಆಚೆಯ ನೆಲ. ಡ್ರೋನು ಹಾರಿಸಿ ತಂದ ಕೋಟಿಗಟ್ಟಲೆ ಚುಕ್ಕಿಗಳನ್ನು ಸಾಫ್ಟ್‌ವೇರಿಗೆ ಉಣ್ಣಿಸಿದರೆ ಅದು ನೆಲದ ಏರುತಗ್ಗನ್ನೆಲ್ಲ ಬಿಡಿಸಿ ತೋರಿಸುತ್ತದೆ; ಇಳಿಜಾರು ಕಡಿಮೆ ಇರುವಲ್ಲಿ ಹಸಿರು, ಹೆಚ್ಚಿರುವಲ್ಲಿ ಕೆಂಪು. ಆಮೇಲೆ ಒಂದು ಗುಂಡಿ ಒತ್ತಿದರೆ ಸೌರ ಫಲಕಗಳ ಸಾಲುಗಳು ಪರೇಡಿಗೆ ನಿಂತ ಹುಡುಗರ ಹಾಗೆ ತಾವೇ ಬಂದು ನಿಲ್ಲುತ್ತವೆ. ಅದಕ್ಕೂ ಮೊದಲು ನೆಲವನ್ನು ನಯ ಮಾಡಬೇಕು. ಹುಲ್ಲಿನ ಗಂಟು, ದನದ ಹೆಜ್ಜೆ, ಕಲ್ಲುಗುಪ್ಪೆ ಎಲ್ಲವನ್ನೂ ಯಂತ್ರ ನೆಲ ಎಂದೇ ತಿಳಿಯುತ್ತದೆ. ಇಂತಿಷ್ಟು ಎತ್ತರದ ಕೆಳಗಿರುವುದನ್ನೆಲ್ಲ ಅಳಿಸಿಬಿಡು ಎಂದು ಹೇಳಿದರೆ ಅಳಿಸುತ್ತದೆ. ಪ್ರಮೋದಾ ಅರ್ಧ ಮೀಟರು ಎಂದು ಕೊಟ್ಟಿದ್ದಳು. ಎಲ್ಲರೂ ಕೊಡುವುದು ಅಷ್ಟೇ. ಕಳೆದ ಗುರುವಾರ ಅವಳು ಒತ್ತಿದ ಗುಂಡಿಗೆ ಹುಣಸೆಮರದ ಕೆಳಗಿನ ಎಕರೆಯೊಂದು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಚಪ್ಪಟೆಯಾಯಿತು, ಹಸಿರಾಯಿತು, ಅದರ ಮೇಲೆ ಐದು ಸಾಲು ಫಲಕ ನಿಂತವು. ಅದಕ್ಕೂ ಮುಂಚೆ ಡ್ರೋನು ಹಾರಿಸಿದ ಅಜರ್ ಅಲ್ಲಿ ಒಂದು ಗುರುತು ಚುಚ್ಚಿ ಕೇಳಿದ್ದ: 'ಇಲ್ಲಿ ಸಾಲಾಗಿ ಸಣ್ಣ ಸಣ್ಣ ದಿಬ್ಬ ಇವೆ. ಏನಿವು?' ಅದರ ಕೆಳಗೆ ಉತ್ತರ ಬರೆದವಳು ಅವಳೇ. 'ಹುತ್ತಗಳು. ತೆಗೆಯಬಹುದು.' ಬರೆದು ಗುರುತನ್ನು ಮುಚ್ಚಿದ್ದಳು. ಎರಡೇ ಪದ. ಬರೆಯುವಾಗ ಎರಡನೆಯ ಸಲ ಯೋಚಿಸಿರಲಿಲ್ಲ ಎನ್ನುವುದೇ ಈಗ ಅವಳನ್ನು ಹೆದರಿಸುತ್ತಿತ್ತು.

ಅಜರ್ ಹನ್ನೊಂದರ ಹೊತ್ತಿಗೆ ಬಂದ. ದೊಡ್ಡಬಳ್ಳಾಪುರ ಟೌನಿನವನು, ಮೂಗಿನ ತುದಿ ಸದಾ ಬಿಸಿಲಿಗೆ ಸುಲಿದಿರುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನು ಅವಳ ಮೇಜಿನ ಪಕ್ಕ ಇಳಿಸಿ, ಕುರ್ಚಿ ಎಳೆದುಕೊಂಡು ಕೂತ. "ಏನ್ ಮೇಡಂ, ನನ್ ಹುತ್ತ ಎಲ್ಲಾ ನುಂಗ್ಬಿಟ್ರಂತೆ?" ಎಂದು ನಕ್ಕ. ಅವಳೂ ನಕ್ಕಳು. ನಕ್ಕಿದ್ದು ಹೆಚ್ಚಾಯಿತೇನೋ. ಅವನು ಸ್ವಲ್ಪ ಹೊತ್ತು ಸ್ಕ್ರೀನು ನೋಡಿದ. ಆಮೇಲೆ ದನಿ ತಗ್ಗಿಸಿ, "ಒಂದು ಕೇಳ್ಳಾ ಮೇಡಂ? ಹುತ್ತಕ್ಕೆ ಯಾರಾದ್ರೂ ಕಳೆ ಕೀಳ್ತಾರಾ?" ಎಂದ.

"ಅಂದ್ರೆ?"

"ನಾನು ಹಾರ್ಸಿದ ದಿನ ಅಲ್ಲೊಂದು ಅಜ್ಜಿ ಇತ್ತು. ಹಿಂದಿನ ದಿನ ಇಡೀ ಕಾಲೋನಿ ಬಂದು ಕೆಲಸ ಮಾಡಿದೆಯಂತೆ. ಹುಲ್ಲು ಕಿತ್ತು, ಗುಡ್ಡೆಗೆಲ್ಲ ಹೊಸ ಮಣ್ಣು ಹಾಕಿ, ತಟ್ಟಿ, ಫಸ್ಟ್ ಕ್ಲಾಸ್ ಮಾಡಿ ಇಟ್ಟಿದ್ರು. ಮದುವೆ ಮನೆ ಥರ ಇತ್ತು ಮೇಡಂ. ಅಜ್ಜಿ ನನ್ನ ಕೇಳ್ತು, 'ಮೇಲಿಂದ ನಿನ್ ಮಿಷನ್ನಿಗೆ ಎಲ್ಲಾ ಕಾಣ್ತದೇನಪ್ಪ' ಅಂತ. ಇರುವೆ ಹೋದ್ರೂ ಕಾಣ್ತದೆ ಅಜ್ಜಿ ಅಂದೆ, ತಮಾಷೆಗೆ. 'ಅಂಗಾರೆ ಸರಿ, ಇನ್ನು ನಾವು ಬಾಯ್ಬುಟ್ಟು ಏಳೋದೇನೈತೆ' ಅಂದು ಮಜ್ಜಿಗೆ ಕೊಟ್ತು." ಅವನು ಪೆಟ್ಟಿಗೆಯ ಬೀಗವನ್ನು ತೆರೆದು ಮುಚ್ಚಿ ಮಾಡಿದ. "ನಮ್ ಖಬರಸ್ತಾನಕ್ಕೆ ಕಾಂಪೌಂಡು ಹಾಕ್ಸೋಕೆ ನಮ್ ತಾತ ಬುಡನ್ ಸಾಬ್ ಹನ್ನೊಂದು ವರ್ಷ ತಾಲ್ಲೂಕು ಆಫೀಸು ಸುತ್ತವ್ರೆ. ಹಂಗಾಗಿ ಕೇಳ್ದೆ, ಅಷ್ಟೆ. ನೀವು ಹುತ್ತ ಅಂದ್ರೆ ಹುತ್ತ."

ಅವನು ಎದ್ದು ಹೋದ ಮೇಲೂ ಕುರ್ಚಿ ಅವಳ ಕಡೆಗೇ ತಿರುಗಿಕೊಂಡಿತ್ತು. ಅವನಿಗೆ ಗೊತ್ತಿರಲಿಲ್ಲ: ಮೇಲಿಂದ ಎಲ್ಲಾ ಕಾಣುತ್ತದೆ ಎಂದು ಆ ಅಜ್ಜಿಗೆ ಮೊದಲು ಹೇಳಿದವನು ಅವನಲ್ಲ. ಡಿಸೆಂಬರಿನಲ್ಲಿ, ಪಂಚಾಯ್ತಿ ಆಫೀಸಿನ ಗೋಡೆಗೆ ಸೋಲಾರಿನ ಕಾಗದ ಅಂಟಿಸಿದ್ದಾರೆ, ತಕರಾರು ಇದ್ದರೆ ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕಂತೆ, ಕೊಡಬೇಕೇನವ್ವ, ನೀನು ಅದೇ ಕೆಲಸದಾಗಿದ್ದೀಯಲ್ಲ ಎಂದು ದ್ಯಾವಮ್ಮ ಫೋನು ಮಾಡಿದ್ದಳು. ಅಜರ್ ಕಂಡ ಅಜ್ಜಿಯೇ ಈ ದ್ಯಾವಮ್ಮ, ಪ್ರಮೋದಾಳ ದೊಡ್ಡಪ್ಪನ ಹೆಂಡತಿ, ದೊಡ್ಡಮ್ಮ. ಆಗ ಪ್ರಮೋದಾ ಏರ್‌ಪೋರ್ಟ್ ರಸ್ತೆಯ ಬಸ್‌ಸ್ಟಾಪಿನಲ್ಲಿದ್ದಳು, ಪಕ್ಕದಲ್ಲಿ ಆಫೀಸಿನವರಿದ್ದರು, ಮಾತು ಬೇಗ ಮುಗಿಯಬೇಕಿತ್ತು. "ಅರ್ಜಿ ಗಿರ್ಜಿ ಏನೂ ಬೇಡ ದೊಡ್ಡಮ್ಮ. ಮೇಲೆ ಮಿಷನ್ ಹಾರತ್ತೆ. ಒಂದು ಗೇಣು ಎತ್ತರ ಇದ್ರೂ ಕಾಣತ್ತೆ. ಕಂಡಿದ್ದನ್ನ ಬಿಟ್ಟು ಪ್ಲಾನ್ ಮಾಡ್ತಾರೆ." ಹೇಳುವಾಗ ದನಿಯಲ್ಲಿ ಒಂದು ಜಂಬ ಕೂಡ ಇತ್ತು, ತನ್ನ ಯಂತ್ರದ ಜಂಬ. ಅವರು ನಂಬಿದರು. ಪಹಣಿಯನ್ನು ನಂಬದವರು, ಶಾನುಭೋಗನನ್ನು, ತಹಸೀಲ್ದಾರನನ್ನು, ಓಟು ಕೇಳಲು ಬಂದವನನ್ನು ಯಾರನ್ನೂ ನಂಬದವರು ಇದೊಂದನ್ನು ನಂಬಿದರು, ಹೇಳಿದ್ದು ಮನೆಯ ಹುಡುಗಿ ಅಂತ. ಅರ್ಜಿ ಬರೆಸುವ ಬದಲು ಗುದ್ದಲಿ ಮಂಕರಿ ಹಿಡಿದು ಹೋದರು. ಮೇಲಿಂದ ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ತಮ್ಮ ಸತ್ತವರನ್ನು ಸಿಂಗರಿಸಿ ಕೂರಿಸಿದರು. ಮೂವತ್ತು ದಿನ ಮುಗಿದು ಒಂದು ತಿಂಗಳಾಯಿತು.

ಆ ಮಸಾಣಕ್ಕೆ ಕಲ್ಲಿಲ್ಲ. ಕಲ್ಲು ನೆಟ್ಟರೆ ನಾಳೆ ನೆಲ ಕೇಳುತ್ತಾರೆ ಎಂದು ಊರಿನ ದೊಡ್ಡ ಹಿಡುವಳಿದಾರ ದೊಡ್ಡಮುನಿಯಪ್ಪನ ಅಜ್ಜ ಯಾವ ಕಾಲದಲ್ಲೋ ತಡೆದಿದ್ದ. ನೆಟ್ಟ ಎರಡು ಕಲ್ಲನ್ನು ಕೀಳಿಸಿ ತನ್ನ ಬಾವಿಯ ಮೆಟ್ಟಿಲಿಗೆ ಹಾಕಿಸಿದ್ದ. ಅಂದಿನಿಂದ ಕಾಲೋನಿಯವರಿಗೆ ಉಳಿದದ್ದು ಮಣ್ಣು. ಮಣ್ಣಿನ ಗುಡ್ಡೆ ಒಂದು ಮಳೆಗಾಲಕ್ಕೆ ಇಳಿಯುತ್ತದೆ, ಮೂರು ಮಳೆಗಾಲಕ್ಕೆ ಮಾಯವಾಗುತ್ತದೆ. ಅದಕ್ಕೇ ಹಿರಿಯರಿಗೆ ಎಡೆಯಿಡುವ ಮಾರ್ಲಮಿ ಅಮಾವಾಸ್ಯೆಗೆ ಪ್ರತಿ ವರ್ಷ ಪ್ರತಿ ಮನೆಯವರೂ ತಮ್ಮ ತಮ್ಮ ಗುಡ್ಡೆಗೆ ಒಂದು ಮಂಕರಿ ಮಣ್ಣು ಹೊತ್ತು ಹಾಕುತ್ತಾರೆ. ಮನೆ ಅಳಿದು ಹೋದವರ ಗುಡ್ಡೆಗೆ ಯಾರಾದರೂ ಹಾಕುತ್ತಾರೆ. ನೂರು ವರ್ಷದಿಂದ ಮಳೆ ಇಳಿಸುವುದು, ಇವರು ಏರಿಸುವುದು. ಮೂರು ವರ್ಷ ಬಿಟ್ಟಿದ್ದರೂ ಡ್ರೋನಿಗೆ ಸಿಗಲು ಅಲ್ಲಿ ಏನೂ ಇರುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಪ್ರಮೋದಾಳ ಅವ್ವ ಅಮ್ಮಯಮ್ಮನನ್ನೂ ಅಲ್ಲೇ ಇಟ್ಟರು. ಕಳೆದ ಮೂರು ಮಾರ್ಲಮಿಗೂ ಅವಳಿಗೆ ರಜೆ ಸಿಕ್ಕಿರಲಿಲ್ಲ, ಅಥವಾ ಅವಳು ಕೇಳಿರಲಿಲ್ಲ.

ಕೇಳಬೇಕಾದರೆ ಯಾವ ಊರು, ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸೇರಿದ ಮೊದಲ ವಾರ ತಂಡದ ಲೀಡ್ ದೇವರಾಜ್ ಊಟದ ಟೇಬಲ್ಲಿನಲ್ಲಿ, "ನಿಮ್ದು ಯಾವ ಕಡೆ ಪ್ರಮೋದಾ?" ಎಂದು ಕೇಳಿದಾಗ ದೊಡ್ಡಬಳ್ಳಾಪುರ ಟೌನ್ ಸರ್ ಎಂದಿದ್ದಳು. ಟೌನಲ್ಲಿ ಎಲ್ಲಿ ಎಂದು ಅವರು ಮುಂದೆ ಕೇಳಲಿಲ್ಲ, ಒಳ್ಳೆಯ ಮನುಷ್ಯ. "ಕನ್ನಡ ಎಷ್ಟು ಕ್ಲೀನ್ ಇದೆ ನಿಮ್ದು, ಹಳ್ಳಿ ಕಡೆಯವರ ಥರ ಇಲ್ಲ" ಎಂದು ಮೆಚ್ಚಿಕೊಂಡರು. ಅಂದಿನಿಂದ ಅವಳು ಬಾಯಿ ತೆರೆಯುವ ಮುನ್ನ ಮಾತನ್ನು ಒಮ್ಮೆ ಒಳಗೇ ತೊಳೆದು ಹೊರಗೆ ಬಿಡುತ್ತಿದ್ದಳು. ಜನವರಿಯಲ್ಲಿ ಸೈಟು ನೋಡಲು ಹೋದಾಗ ದೊಡ್ಡಮುನಿಯಪ್ಪ ಎಲ್ಲರನ್ನೂ ಮನೆಗೆ ಕರೆದ. ಅವ್ವ ಜೀವನವಿಡೀ ಯಾವ ಜಗುಲಿಯ ಕೆಳಗೆ ನಿಂತು ಸೆರಗು ಒಡ್ಡಿದ್ದಳೋ ಆ ಜಗುಲಿಯನ್ನು ಹತ್ತಿ, ಹೊಸಿಲು ದಾಟಿ, ನಡುಮನೆಯ ಸೋಫಾದಲ್ಲಿ ಕೂತು ಪ್ರಮೋದಾ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದಳು. ಅವನಿಗೆ ಗುರುತು ಸಿಗಲಿಲ್ಲ. "ತಗೊಳ್ಳಿ ಮೇಡಮ್ಮೋರೆ, ನಮ್ಮನೆ ಹಸುವಿನ ಹಾಲು" ಎಂದ. ಕಾಫಿ ರುಚಿಯಾಗಿತ್ತು, ಆ ರುಚಿಯನ್ನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಕಿಟಕಿಯಾಚೆ ಕೊಟ್ಟಿಗೆಯಿಂದ ಸಗಣಿ ಮಂಕರಿ ಹೊತ್ತು ಹೊರಬಂದವಳು ದ್ಯಾವಮ್ಮ. ಇಬ್ಬರ ಕಣ್ಣೂ ಕೂಡಿದವು. ಪ್ರಮೋದಾಳ ತುಟಿಗೆ ಲೋಟ ಅಂಟಿಕೊಂಡಿತು. ದ್ಯಾವಮ್ಮ, ಯಾವ ಗುರುತೂ ಇಲ್ಲದವಳ ಹಾಗೆ, ಹಾದಿಯಲ್ಲಿ ಪರಸ್ಥಳದವರನ್ನು ನೋಡಿದ ಹಾಗೆ, ಮುಖ ತಿರುಗಿಸಿಕೊಂಡು ಹೋದಳು. ತನ್ನನ್ನು ಕಾಪಾಡಲು ಹಾಗೆ ಮಾಡಿದಳು ಎನ್ನುವುದು ಪ್ರಮೋದಾಳಿಗೆ ಅದೇ ಗಳಿಗೆಯಲ್ಲಿ ತಿಳಿಯಿತು, ಮತ್ತು ಅವಳು ಕಾಪಾಡಿಸಿಕೊಂಡಳು.

"ಬ್ಯೂಟಿಫುಲ್!" ದೇವರಾಜ್ ಯಾವಾಗ ಬಂದು ಹಿಂದೆ ನಿಂತರೋ. ಸ್ಕ್ರೀನಿಗೆ ಬೆರಳು ತೋರಿಸಿದರು, ಸರಿಯಾಗಿ ಹುಣಸೆಮರದ ಕೆಳಗೆ. "ಈ ಪ್ಯಾಚ್ ನೋಡಿ, ಕೇರಂ ಬೋರ್ಡ್ ಇದ್ದಹಾಗಿದೆ. ಇಡೀ ಸೈಟಲ್ಲಿ ಇಷ್ಟು ಒಳ್ಳೆ ನೆಲ ಇಲ್ಲ. ಪುಣ್ಯಾತ್ಮರು ಯಾಕೆ ಇಲ್ಲಿ ರಾಗಿ ಬೆಳೀಲಿಲ್ವೋ."

"ಖರಾಬು ಜಮೀನು ಸರ್ ಅದು" ಎಂದಳು.

"ದಾಖಲೆ ಕ್ಲಿಯರ್ ಇದೆ, ನಮಗಷ್ಟು ಸಾಕು. ಮೂರೂವರೆಗೆ ಒಂದ್ಸಲ ತೋರಿಸಿ ಕಳಿಸ್ಬಿಡಿ. ಊಟ ಮಾಡಿದ್ರಾ? ಯಾಕ್ರೀ, ಮುಖ ಬಾಡಿದೆ?"

ಅವರು ಹೋದರು. ಪ್ರಮೋದಾ ಊಟದ ಡಬ್ಬಿ ತೆರೆದಳು, ಮುಚ್ಚಿದಳು. ಕೈಯಲ್ಲಿ ಮಣ್ಣಿತ್ತು. ಈ ಮಣ್ಣು ಎಂದಿನದು ಎಂದು ಅವಳಿಗೆ ಗೊತ್ತು. ಬೆಳಿಗ್ಗೆಯಿಂದ ಗೊತ್ತಿಲ್ಲದವಳ ಹಾಗೆ ನಟಿಸುತ್ತಿದ್ದಳು, ಅಷ್ಟೆ. ಆಗ ಅವಳಿಗೆ ಒಂಬತ್ತು ವರ್ಷ. ಹೆಸರಿಡುವ ಮುಂಚೆಯೇ ಹೋದ ತಂಗಿಯನ್ನು ದ್ಯಾವಮ್ಮ ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಎತ್ತಿಕೊಂಡು ಬಂದಿದ್ದಳು, ಸಂತೆಯಿಂದ ಏನನ್ನೋ ತರುವ ಹಾಗೆ. ಕಳ್ಳಿ ಬೇಲಿಯ ಪಕ್ಕ ಅಪ್ಪ ತೋಡಿದ ಗುಂಡಿ ಎಷ್ಟು ಚಿಕ್ಕದಿತ್ತೆಂದರೆ ಅದು ಆಟಕ್ಕೆ ತೋಡಿದ್ದಿರಬೇಕು ಅನ್ನಿಸಿತ್ತು. ಒಂದು ಹಿಡಿ ಹಾಕವ್ವ, ಒಡಹುಟ್ಟಿದೋಳು ನೀನು ಎಂದು ಕೈಗೆ ಮಣ್ಣು ಕೊಟ್ಟರು. ಅವಳು ಹಾಕಲಿಲ್ಲ. ಹಾಕಿದರೆ ಅದರ ಬಾಯಿಗೆ ಹೋಗುತ್ತದೆ ಅನ್ನಿಸಿತು. ಮುಷ್ಟಿ ಬಿಗಿ ಹಿಡಿದು ಓಡಿದಳು, ಬದು ಹಾರಿ, ಹೊಂಗೆ ತೋಪು ದಾಟಿ, ಸ್ಕೂಲಿನ ಹಿಂದಿನ ಮೋರಿಯವರೆಗೆ. ಅಲ್ಲಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಯಾರೂ ಬೈಯಲಿಲ್ಲ. ಆ ಕೂಸಿಗೆ ಗುಡ್ಡೆಯನ್ನೂ ಕಟ್ಟಲಿಲ್ಲ. ಹಲ್ಲು ಬರದ ಕೂಸಿನ ಮೇಲೆ ಗುಡ್ಡೆ ಏರಿಸಬಾರದು, ಏರಿಸಿದರೆ ಭಾರಕ್ಕೆ ಅದು ಅವ್ವನ ಹೊಟ್ಟೆಗೆ ವಾಪಸ್ಸು ಬರುವ ದಾರಿ ಮುಚ್ಚುತ್ತದೆ ಎನ್ನುತ್ತಾರೆ. ಅವ್ವ ಎಷ್ಟೋ ವರ್ಷ ಕಾದಳು. ಅದು ಬರಲಿಲ್ಲ. ಹಾಗೆ ಆ ನೆಲ ಬರೀ ನೆಲವಾಗಿಯೇ ಉಳಿಯಿತು. ಯಾವ ಯಂತ್ರಕ್ಕೂ ಕಾಣದಂತೆ, ಅಳಿಸಲು ಕೂಡ ಏನೂ ಇರದಂತೆ.

ಮೂರು ಗಂಟೆ ದಾಟಿತ್ತು. ಒಂದು ಸಾಲು ಬರೆದರೆ ಸಾಕು: ಅದು ಹುತ್ತವಲ್ಲ. ಆಗ ದೇವರಾಜ್ ಕೇಳುತ್ತಾರೆ, ದಾಖಲೆ ಎಲ್ಲಿ? ದಾಖಲೆ ಇಲ್ಲ. ಮತ್ತೆ ನಿಮಗೆ ಹೇಗೆ ಗೊತ್ತು? ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಆ ಉತ್ತರದ ಆಚೆಗೆ ಈ ಆಫೀಸಿನ ಊಟದ ಟೇಬಲ್ಲಿನಲ್ಲಿ ತನ್ನ ಡಬ್ಬಿಯ ಕಡೆಗೆ ಕೈ ಚಾಚುವ ಮುನ್ನ ಒಂದು ಕ್ಷಣ ತಡೆಯುವ ಬೆರಳುಗಳು. ತಡೆಯಲಿಕ್ಕಿಲ್ಲ. ತಡೆಯುತ್ತವೋ ಇಲ್ಲವೋ ಎಂದು ತಾನು ದಿನಾ ನೋಡುತ್ತಿರಬೇಕಾಗುತ್ತದೆ, ಅದೇ ಶಿಕ್ಷೆ. ಸುಮ್ಮನಿದ್ದರೆ? ಮಳೆಗಾಲಕ್ಕೆ ಮುಂಚೆ ಜೇಸಿಬಿ ಬರುತ್ತದೆ. ಕಂಬ ಹೂಳಲು ಕೊರೆಯುವ ಬೈರಿಗೆ ಒಂದೂವರೆ ಮೀಟರು ಇಳಿಯುತ್ತದೆ. ಅವ್ವನನ್ನು ಇಟ್ಟದ್ದು ಎಷ್ಟು ಆಳದಲ್ಲಿ? ಅವಳಿಗೆ ನೆನಪಿತ್ತು. ಅಪ್ಪನ ಎದೆಯಷ್ಟು.

ಅವಳು ನಯಗೊಳಿಸಿದ್ದನ್ನು ತೆಗೆದುಹಾಕಿದಳು. ನೆಲ ಮೊದಲು ಬೂದುಬಣ್ಣಕ್ಕೆ ತಿರುಗಿ ತಡಮಾಡಿತು, ಉಸಿರು ಕಟ್ಟಿದ ಹಾಗೆ. ಆಮೇಲೆ ಹುಣಸೆಮರದ ಕೆಳಗೆ ಒಂದೊಂದಾಗಿ ಎದ್ದವು. ಹಸಿರಿನ ಮೇಲೆ ಹಳದಿ ಗುಳ್ಳೆಗಳ ಹಾಗೆ, ಕಂಬಳಿಯ ಕೆಳಗಿಂದ ಮೊಣಕಾಲು ಎತ್ತಿದ ಹಾಗೆ. ಬೆರಳಿಟ್ಟು ಎತ್ತರ ಓದಿದಳು. ಮೂವತ್ತೊಂದು ಸೆಂಟಿಮೀಟರು. ಮೂವತ್ತೆಂಟು. ಇಪ್ಪತ್ತೇಳು. ಮೂರನೆಯ ಸಾಲಿನ ಕೊನೆಯದು ಎಲ್ಲಕ್ಕಿಂತ ಎತ್ತರ, ನಲವತ್ತಾರು. ಅವ್ವ. ಇನ್ನು ನಾಲ್ಕು ಸೆಂಟಿಮೀಟರು ಏರಿದ್ದರೆ ಉಳಿದುಕೊಳ್ಳುತ್ತಿದ್ದಳು. ಒಂದು ಮಾರ್ಲಮಿಯ ಒಂದು ಮಂಕರಿ ಮಣ್ಣು. ಪ್ರಮೋದಾ ಮೂರು ಮಾರ್ಲಮಿಗೆ ಹೋಗಿರಲಿಲ್ಲ.

ಅವಳು ಎಣಿಸಿದಳು. ಅರವತ್ಮೂರು ಇರಬೇಕು, ಅವ್ವನ ತಿಥಿಯ ದಿನ ದ್ಯಾವಮ್ಮ ಎಣಿಸಿ ಹೇಳಿದ್ದಳು, ಆಮೇಲೆ ಕಾಲೋನಿಯಲ್ಲಿ ಸಾವಾಗಿಲ್ಲ. ಅರವತ್ನಾಲ್ಕು ಬಂತು. ಮತ್ತೆ ಎಣಿಸಿದಳು. ಸಾಲಿನಲ್ಲಿ ಇಲ್ಲದ್ದು ಒಂದಿತ್ತು, ದೂರ, ಕಳ್ಳಿ ಬೇಲಿಯ ಪಕ್ಕ. ಒಂಬತ್ತು ಸೆಂಟಿಮೀಟರು. ಯಂತ್ರದ ಅಳತೆಯ ತಪ್ಪೇ ಐದು ಸೆಂಟಿಮೀಟರು ಇರುತ್ತದೆ. ಅದು ಕಲ್ಲಿರಬಹುದು, ಯಾರೋ ಬಿಟ್ಟುಹೋದ ಚಪ್ಪಲಿ ಇರಬಹುದು. ಡ್ರೋನಿನ ಫೋಟೋ ತೆರೆದು ದೊಡ್ಡದು ಮಾಡಿದಳು. ಒಣ ಹುಲ್ಲಿನ ನಡುವೆ ರೊಟ್ಟಿಯಗಲ ಕೆಂಪು. ಹೊಸ ಮಣ್ಣು. ಕೈಯಿಂದ ತಟ್ಟಿದ ಗುರುತು ಕೂಡ ಕಂಡಿತು, ಅಥವಾ ಕಂಡಿತು ಎಂದು ಅವಳಿಗೆ ಅನ್ನಿಸಿತು.

ಫಲಕಗಳ ಐದು ಸಾಲನ್ನು ಎತ್ತಿ ಆಚೆಗಿಟ್ಟು, ಇಡೀ ಎಕರೆಯ ಸುತ್ತ, ಕಳ್ಳಿ ಬೇಲಿಯನ್ನೂ ಸೇರಿಸಿ, ಬಿಡಬೇಕಾದ ಜಾಗದ ಗೆರೆ ಎಳೆದಳು. ಸಾಫ್ಟ್‌ವೇರು ಕಾರಣ ಕೇಳಿತು: ಮರ, ಕಟ್ಟಡ, ನೀರು, ಬಂಡೆ, ಇತರೆ. ಇತರೆ ಒತ್ತಿದಾಗ ಒಂದು ಖಾಲಿ ಚೌಕ ತೆರೆಯಿತು, ವಿವರಿಸಿ ಎಂದು. ಈ ಚೌಕದಲ್ಲಿ ಬರೆದದ್ದು ನಕ್ಷೆಯ ಜೊತೆಗೇ ಹೋಗುತ್ತದೆ, ಕಂಪನಿಗೆ, ಜಿಲ್ಲಾ ಕಚೇರಿಗೆ, ಫಲಕ ಇರುವಷ್ಟು ವರ್ಷ ಉಳಿಯುತ್ತದೆ. ಯಾವ ಪಹಣಿಯೂ ಇವರಿಗೆ ಕೊಡದ ಕಾಗದ. 'ಸ್ಮಶಾನ' ಎಂದು ಬರೆದು ನಿಲ್ಲಿಸಿದಳು. ಇದನ್ನು ಯಾರು ಬೇಕಾದರೂ ಹುತ್ತ ಎಂದು ತಿದ್ದಬಹುದು. ತಾನೇ ತಿದ್ದಿರಲಿಲ್ಲವೇ. ಫೋನು ತೆಗೆದು ದ್ಯಾವಮ್ಮನಿಗೆ ಮಾಡಿದಳು. ಎರಡೂ ಕೈ ಬರೆಯಲು ಬೇಕಿತ್ತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಯಾರೂ, ಪ್ರಮೋದಾನಾ? ಆಪೀಸ್ ಒತ್ನಾಗೆ ಮಾಡಿದ್ದೀಯಲ್ಲವ್ವ? ಉಸಾರಾಗಿದ್ದೀಯಾ?" ದ್ಯಾವಮ್ಮನ ದನಿ ಹೊಲದಾಚೆಗೆ ಕೂಗಿ ಅಭ್ಯಾಸವಾದ ದನಿ. ಆಫೀಸಿನಲ್ಲಿ ನಾಲ್ಕೈದು ತಲೆಗಳು ಎದ್ದವು.

"ಉಸಾರಾಗಿದ್ದೀನಿ ದೊಡ್ಡಮ್ಮ. ನಮ್ ಮಸಾಣದಾಗೆ ಇರೋರ ಎಸ್ರೆಲ್ಲ ಏಳು. ಉಣ್ಸೆಮರದ ಕಡೆಯಿಂದ, ಒಬ್ಬೊಬ್ರುದೇ." ತೊಳೆಯದ ಮಾತು ಬಾಯಿಂದ ಬಂದಾಗ ಅವಳಿಗೇ ಬೆಚ್ಚಗಾಯಿತು.

"ಯಾಕವ್ವ? ಮಿಷನ್ನಿಗೆ ಕಾಣ್ಲಿಲ್ವಾ?"

ಆಚೆ ಮೂಲೆಯಲ್ಲಿ ಅಜರ್ ಬ್ಯಾಟರಿ ಪೆಟ್ಟಿಗೆಯ ಮೇಲಿಂದ ತಲೆಯೆತ್ತಿದ. ಪ್ರಮೋದಾ ಫೋನಿನ ಕಡೆಗೆ ಬಾಗಿದಳು. "ಮಿಷನ್ನಿಗೆ ಕಂಡಿತ್ತು ದೊಡ್ಡಮ್ಮ. ನಾನೇ ಅಳಿಸ್ದೆ."

ಆ ಕಡೆಯಿಂದ ಕೋಳಿಯೊಂದು ಕೆದಕುವ ಸದ್ದು. ಎಲೆಅಡಿಕೆ ಉಗಿದ ಸದ್ದು. ಆಮೇಲೆ, ಬೈಗುಳವಿಲ್ಲ, ಸಮಾಧಾನವೂ ಇಲ್ಲ: "ಬರ್ಕೊ. ಮೊದಲ್ನೇದು ಕದಿರಪ್ಪ. ತಮಟೆ ಕದಿರಪ್ಪ ಅಂತ ಬರಿ, ಇಬ್ರವ್ರೆ. ಅವ್ನ ಪಕ್ಕ ಅವ್ನೆಡ್ತಿ ಮುನಿವೆಂಕಟಮ್ಮ. ಆಮೇಲೆ ಪಿಳ್ಳಪ್ಪ, ಬಾವಿ ತೋಡ್ವಾಗ ಸತ್ತೋನು. ಬಾವಿ ಯಾರ್ದು ಅಂತ್ಲೂ ಬರಿ."

ಅವಳು ಬರೆದಳು. ಹೆಸರುಗಳು ಒಂದರ ಹಿಂದೊಂದು ಎದ್ದು ಬಂದವು, ಗಾಜಿನ ಗೋಡೆಗೆ ಬಡಿದವು, ಇಳಿಯುವ ವಿಮಾನದ ನಡುಕದಲ್ಲಿ ನಿಲ್ಲದೆ ಮುಂದುವರಿದವು. ಬೇರೆ ಯಾರೂ ಕೀಲಿಮಣೆ ಮುಟ್ಟುತ್ತಿರಲಿಲ್ಲ. ದೇವರಾಜ್ ತಮ್ಮ ಕೋಣೆಯಿಂದ ಬಂದು ನಿಂತಿದ್ದರು, ಕೈಯಲ್ಲಿ ಪೆನ್ನಿತ್ತು. ನಲವತ್ತಾಯಿತು. ಐವತ್ತಾಯಿತು. "ಅರವತ್ಮೂರು, ನಿಮ್ಮವ್ವ, ಅಮ್ಮಯಮ್ಮ" ಎಂದಾಗ ದೇವರಾಜ್ ಅವಳ ಮುಖ ನೋಡಿದರು.

"ಅಷ್ಟೇ ಕಣವ್ವ."

"ಅರವತ್ನಾಕು ತೋರುಸ್ತೈತೆ ದೊಡ್ಡಮ್ಮ. ಕಳ್ಳಿ ಬೇಲಿ ತಾವ ಒಂದು ಚಿಕ್ದು. ಅರ್ಧ ಗೇಣೂ ಇಲ್ಲ."

"ಅದಾ." ದ್ಯಾವಮ್ಮನ ದನಿ ಮೊದಲ ಸಲ ತಗ್ಗಿತು. "ಅದೂ ಕಾಣ್ತಾ? ನಿಮ್ಮವ್ವನೇ ಓದ್ಮೇಲೆ ಅದು ಇನ್ಯಾವ ಒಟ್ಟೆಗೆ ವಾಪಸ್ ಬತ್ತದೆ? ಎಲ್ಲಾರ್ದೂ ಕಾಣೋವಾಗ ಅದೊಂದ್ಯಾಕೆ ಕಾಣ್ದಂಗಿರ್ಬೇಕು ಅಂತ ಮೂರು ಬೊಗಸೆ ಆಕ್ದೆ. ನಂದೊಂದು. ನಿಮ್ಮವ್ವಂದೊಂದು."

"ಮೂರು ಅಂದೆ."

"ಊ. ನೀನು ಅವತ್ತು ಇಡ್ಕೊಂಡು ಓಡೋದ್ಯಲ್ಲ. ಅದು."

ನಾಲ್ಕಕ್ಕೆ ಎರಡು ನಿಮಿಷವಿತ್ತು. ದೇವರಾಜ್ ಕೆಮ್ಮಿದರು. "ಪ್ರಮೋದಾ, ದಾಖಲೆ ಇಲ್ಲದೆ ಇದನ್ನ ಅವರು ಒಪ್ಪಲ್ಲ. ವಾಪಸ್ ಕಳಿಸ್ತಾರೆ. ಕೇಳ್ತಾರೆ, ನಿಮಗೆ ಹೇಗೆ ಗೊತ್ತು ಅಂತ."

"ಕೇಳ್ಲಿ ಸರ್" ಎಂದಳು. "ನಮ್ಮೋರು ಇವ್ರು. ಕಾಲೋನಿಯೋರು ನಾವು."

ಅರವತ್ನಾಲ್ಕನೆಯದಕ್ಕೆ ಹೆಸರಿರಲಿಲ್ಲ. ಅದರ ಎದುರು 'ನನ್ನ ತಂಗಿ' ಎಂದು ಬರೆದು ಕಳಿಸುವ ಗುಂಡಿ ಒತ್ತಿದಳು. ಮೌಸಿನ ಮೇಲಿಂದ ಕೈ ಎತ್ತಿ ನೋಡಿಕೊಂಡಳು. ಮಣ್ಣು ಅಲ್ಲೇ ಇತ್ತು, ತರಿತರಿಯಾಗಿ, ಬೆರಳಸಂದಿಯಲ್ಲಿ. ಈ ಸಲ ತೊಳೆಯಲು ಏಳಲಿಲ್ಲ.